ಸಿದ್ದರಾಮಯ್ಯ ಎಷ್ಟನೇ ಮುಖ್ಯಮಂತ್ರಿ? ಪಟ್ಟಿಗಳು ತಾಳೆಯಾಗದಿರುವುದು ಏಕೆ?

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗಳಿಗಾಗಿ ಕರ್ನಾಟಕದ ಮುಖ್ಯಮಂತ್ರಿಗಳ ಪಟ್ಟಿಯನ್ನು ನಾನೇ ತಯಾರಿಸುತ್ತಿದ್ದೇನೆ. ಒಂದು ಗೈಡಿನಲ್ಲಿ ಸಿದ್ದರಾಮಯ್ಯ 22ನೆಯವರು ಎಂದಿದೆ, ಇನ್ನೊಂದರಲ್ಲಿ 24 ಎಂದಿದೆ. ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯೋ ನಿಜಲಿಂಗಪ್ಪನವರೋ ಎಂಬುದರಲ್ಲೂ ಗೊಂದಲ. ಒಬ್ಬರ ಅಧಿಕಾರ ಮುಗಿದ ದಿನಕ್ಕೂ ಮುಂದಿನವರು ಬಂದ ದಿನಕ್ಕೂ ನಡುವೆ ನಾಲ್ಕೈದು ದಿನ ಖಾಲಿ ಬೀಳುತ್ತಿವೆ. ದಿವಾನರನ್ನೂ ಸೇರಿಸಬೇಕೇ? ಸರಿಯಾದ ಪಟ್ಟಿ ಯಾವುದು?

ಉತ್ತರ: ನೀವು ನೋಡಿದ ಎರಡು ಗೈಡುಗಳಲ್ಲಿ ಯಾವುದೂ ತಪ್ಪಿರಬೇಕೆಂದಿಲ್ಲ. ಒಂದು ವ್ಯಕ್ತಿಗಳನ್ನು ಎಣಿಸಿದೆ, ಇನ್ನೊಂದು ಸರದಿಗಳನ್ನು. ಯಾವುದನ್ನು ಎಣಿಸುತ್ತಿದ್ದೇವೆ ಎಂದು ಹೇಳದೆ ಸಂಖ್ಯೆ ಮಾತ್ರ ಕೊಡುವುದೇ ಈ ಎಲ್ಲ ಗೊಂದಲಕ್ಕೂ ಮೂಲ. ಹಾಗಾಗಿ ಪಟ್ಟಿಯ ನೆತ್ತಿಯ ಮೇಲೆ ಮೊದಲು ಎಣಿಕೆಯ ನಿಯಮ ಬರೆದುಕೊಳ್ಳಿ, ಹೆಸರುಗಳನ್ನು ಆಮೇಲೆ ಬರೆಯಿರಿ.

ಮೊದಲು ವ್ಯಕ್ತಿಗಳ ಎಣಿಕೆ. ಕೆ. ಚೆಂಗಲರಾಯ ರೆಡ್ಡಿ (ಕೆ.ಸಿ. ರೆಡ್ಡಿ), ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ಎಸ್. ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ, ಡಿ. ದೇವರಾಜ ಅರಸು, ಆರ್. ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ಎಸ್. ಬಂಗಾರಪ್ಪ, ಎಂ. ವೀರಪ್ಪ ಮೊಯಿಲಿ, ಎಚ್.ಡಿ. ದೇವೇಗೌಡ, ಜೆ.ಎಚ್. ಪಟೇಲ್, ಎಸ್.ಎಂ. ಕೃಷ್ಣ, ಎನ್. ಧರ್ಮಸಿಂಗ್, ಎಚ್.ಡಿ. ಕುಮಾರಸ್ವಾಮಿ, ಬಿ.ಎಸ್. ಯಡಿಯೂರಪ್ಪ, ಡಿ.ವಿ. ಸದಾನಂದಗೌಡ, ಜಗದೀಶ ಶೆಟ್ಟರ್, ಸಿದ್ದರಾಮಯ್ಯ, ಬಸವರಾಜ ಬೊಮ್ಮಾಯಿ. 1947ರ ಅಕ್ಟೋಬರ್ 25ರಿಂದ 2023ರ ಮೇ 20ರಂದು ಸಿದ್ದರಾಮಯ್ಯ ಎರಡನೇ ಸಲ ಪ್ರಮಾಣವಚನ ಸ್ವೀಕರಿಸುವವರೆಗೆ ಒಟ್ಟು 23 ಜನ. ಈ ಲೆಕ್ಕದಲ್ಲಿ ಸಿದ್ದರಾಮಯ್ಯ 22ನೆಯವರು. 2023ರಲ್ಲಿ ಮರಳಿ ಬಂದರೂ 22ನೆಯವರೇ, ಏಕೆಂದರೆ ಮನುಷ್ಯ ಹೊಸಬನಲ್ಲ.

ಇನ್ನು ಸರದಿಯ ಎಣಿಕೆ. ಕುರ್ಚಿ ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗಲೆಲ್ಲ ಒಂದು ಸಂಖ್ಯೆ ಏರಿಸುತ್ತ ಹೋಗಿ. ನಿಜಲಿಂಗಪ್ಪ 4ನೆಯವರೂ ಹೌದು, 7ನೆಯವರೂ ಹೌದು. ವೀರೇಂದ್ರ ಪಾಟೀಲರು 8 ಮತ್ತು 13. ಕುಮಾರಸ್ವಾಮಿ 20 ಮತ್ತು 26. ಯಡಿಯೂರಪ್ಪ 21, 25 ಮತ್ತು 27. ಸಿದ್ದರಾಮಯ್ಯ 2013ರಲ್ಲಿ 24, 2023ರಲ್ಲಿ 29. ನಿಮ್ಮ ಎರಡನೇ ಗೈಡಿನ 24 ಇಲ್ಲಿಂದ ಬಂದಿರಬಹುದು. ಅಥವಾ, ಇದು ಇನ್ನೂ ಸಾಮಾನ್ಯ, ಬಸವರಾಜ ಬೊಮ್ಮಾಯಿ 23ನೆಯವರು ಎಂದು ಪತ್ರಿಕೆಗಳಲ್ಲಿ ಬಂದದ್ದನ್ನು ನೋಡಿ, ಅವರ ನಂತರ ಬಂದವರು 24 ಇರಬೇಕೆಂದು ಯಾರೋ ಒಂದು ಕೂಡಿಸಿರಬಹುದು. ಮೊದಲನೆಯದು ಒಂದು ಪದ್ಧತಿ. ಎರಡನೆಯದು ಬರೀ ತಪ್ಪು, ಏಕೆಂದರೆ ಅರ್ಧ ದಾರಿ ವ್ಯಕ್ತಿಗಳನ್ನು ಎಣಿಸಿ ಕೊನೆಯ ಹೆಜ್ಜೆಯಲ್ಲಿ ಸರದಿಗೆ ಜಿಗಿದಿದೆ. ಉತ್ತರ ಒಂದೇ ಬಂತೆಂದು ಲೆಕ್ಕವೂ ಒಂದೇ ಎನ್ನಲಾಗದು.

ಈ 29ಕ್ಕೂ 23ಕ್ಕೂ ಇರುವ ಅಂತರ 6. ಬೇರೊಬ್ಬರು ಆಳಿದ ಮೇಲೆ ಮತ್ತೆ ಕುರ್ಚಿಗೆ ಬಂದವರು ಐವರು: ನಿಜಲಿಂಗಪ್ಪ, ವೀರೇಂದ್ರ ಪಾಟೀಲ, ಕುಮಾರಸ್ವಾಮಿ, ಸಿದ್ದರಾಮಯ್ಯ ತಲಾ ಒಂದು ಸಲ, ಯಡಿಯೂರಪ್ಪ ಎರಡು ಸಲ. ನಿಮ್ಮ ಪಟ್ಟಿಯಲ್ಲಿ ಈ ಅಂತರ ಬೇರೆ ಬಂದರೆ ಎಲ್ಲೋ ಒಂದು ಸಾಲು ಬಿಟ್ಟುಹೋಗಿದೆ ಅಥವಾ ಎರಡು ಸಲ ಬಿದ್ದಿದೆ ಎಂದು ತಿಳಿಯಿರಿ.

ಮೂರನೆಯ ಪದ್ಧತಿಯೂ ಇದೆ, ಕಿರಿಕಿರಿ ಹೆಚ್ಚಿರುವುದು ಅದರಲ್ಲೇ. ಅಧಿಕಾರಾವಧಿಗಳ ಎಣಿಕೆ ಅದು. ಒಬ್ಬರೇ ಮುಂದುವರಿದಿದ್ದರೂ ನಡುವೆ ರಾಷ್ಟ್ರಪತಿ ಆಳ್ವಿಕೆ ಬಂದರೆ ಅಥವಾ ರಾಜೀನಾಮೆ ಕೊಟ್ಟು ಮತ್ತೆ ಪ್ರಮಾಣವಚನ ಸ್ವೀಕರಿಸಿದರೆ ಅದನ್ನು ಬೇರೆ ಸಾಲಿನಲ್ಲಿ ಬರೆಯುತ್ತಾರೆ. ಆಗ ಅರಸು ಎರಡು ಸಾಲು (1972 ಮತ್ತು 1978), ಹೆಗಡೆ ಮೂರು ಸಾಲು, ಯಡಿಯೂರಪ್ಪ ನಾಲ್ಕು ಸಾಲು (2007, 2008, 2018, 2019) ಆಗಿ ಒಟ್ಟು 33 ಬರುತ್ತದೆ. ಹೆಗಡೆಯವರ ಮೂರು ಸಾಲುಗಳನ್ನು ಸ್ವಲ್ಪ ನಿಂತು ನೋಡಬೇಕು. 1983ರ ಜನವರಿ 10ರಂದು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾಗಿ ಬಂದರು. 1984ರ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷ ರಾಜ್ಯದಲ್ಲಿ ಸೋತಾಗ ಡಿಸೆಂಬರ್ 29ರಂದು ರಾಜೀನಾಮೆ ಕೊಟ್ಟು ವಿಧಾನಸಭೆ ವಿಸರ್ಜಿಸಲು ಶಿಫಾರಸು ಮಾಡಿದರು. ಆದರೆ ಮನೆಗೆ ಹೋಗಲಿಲ್ಲ, ಹಂಗಾಮಿಯಾಗಿ ಉಳಿದು ಚುನಾವಣೆ ಗೆದ್ದು 1985ರ ಮಾರ್ಚ್ 8ರಂದು ಮತ್ತೆ ಪ್ರಮಾಣವಚನ ಸ್ವೀಕರಿಸಿದರು. 1986ರ ಫೆಬ್ರವರಿ 13ರಂದು, ಸಾರಾಯಿ ಬಾಟ್ಲಿಂಗ್ ಗುತ್ತಿಗೆಗಳ ಬಗ್ಗೆ ಹೈಕೋರ್ಟ್ ಆಡಿದ ಕಟು ಮಾತುಗಳ ಹಿನ್ನೆಲೆಯಲ್ಲಿ ಮತ್ತೆ ರಾಜೀನಾಮೆ ಕೊಟ್ಟರು. ಮೂರೇ ದಿನದಲ್ಲಿ, ಫೆಬ್ರವರಿ 16ಕ್ಕೆ, ವಾಪಸು ಬಂದರು. ಕೊನೆಗೆ ಹೋದದ್ದು 1988ರ ಆಗಸ್ಟ್ 10ರಂದು, ದೂರವಾಣಿ ಕದ್ದಾಲಿಕೆ ಪ್ರಕರಣದಲ್ಲಿ.

ಈ ನಡುವೆ ಬೇರೆ ಯಾರೂ ಮುಖ್ಯಮಂತ್ರಿಯಾಗಿರಲಿಲ್ಲ, ರಾಷ್ಟ್ರಪತಿ ಆಳ್ವಿಕೆಯೂ ಇರಲಿಲ್ಲ. ಹಾಗಿದ್ದರೂ ಬಹುತೇಕ ಪಟ್ಟಿಗಳು ಹೆಗಡೆಯವರಿಗೆ ಮೂರು ಸಾಲು ಕೊಡುತ್ತವೆ. ಅದೇ ಪಟ್ಟಿಗಳು, 1957ರ ಮತ್ತು 1967ರ ಚುನಾವಣೆಗಳನ್ನು ಅಧಿಕಾರದಲ್ಲಿದ್ದುಕೊಂಡೇ ದಾಟಿದ ನಿಜಲಿಂಗಪ್ಪನವರಿಗೆ ಪ್ರತಿ ಅವಧಿಗೂ ಒಂದೊಂದೇ ಸಾಲು ಕೊಡುತ್ತವೆ. ನನ್ನ ಪ್ರಕಾರ ಇದು ಅಸಮ. ಹೊಸ ವಿಧಾನಸಭೆ ಬಂದಾಗಲೆಲ್ಲ ಹೊಸ ಸಾಲು ಎನ್ನುವುದಾದರೆ ಎಲ್ಲರಿಗೂ ಹಾಗೇ ಬರೆಯಬೇಕು. ಪರೀಕ್ಷೆಯ ದೃಷ್ಟಿಯಿಂದ ಮಾತ್ರ 33 ಎಂಬ ಸಂಖ್ಯೆಯನ್ನು ನೆನಪಿಡುವ ಅಗತ್ಯವಿಲ್ಲ. ‘ಎಷ್ಟನೇ ಮುಖ್ಯಮಂತ್ರಿ’ ಎಂದು ಕೇಳಿದರೆ ವ್ಯಕ್ತಿಗಳ ಎಣಿಕೆಯೇ ಇಲ್ಲಿ ರೂಢಿ.

ಮೊದಲಿಗರು ಯಾರು ಎಂಬ ನಿಮ್ಮ ಪ್ರಶ್ನೆಗೆ ಮೂರು ಉತ್ತರಗಳಿವೆ, ಪ್ರಶ್ನೆಯ ಮಾತುಗಳನ್ನು ನೋಡಿ ಆರಿಸಬೇಕು. ಮೈಸೂರು ಸಂಸ್ಥಾನ 1947ರ ಆಗಸ್ಟ್‌ನಲ್ಲೇ ಭಾರತ ಒಕ್ಕೂಟಕ್ಕೆ ಸೇರಿದ್ದರೂ ಜವಾಬ್ದಾರಿ ಸರ್ಕಾರ ಸಿಗಲು ಸೆಪ್ಟೆಂಬರಿನ ‘ಮೈಸೂರು ಚಲೋ’ ಚಳವಳಿಯೇ ಬೇಕಾಯಿತು. ಅದರ ಫಲವಾಗಿ ಅಕ್ಟೋಬರ್ 25ರಂದು ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲ ಬಂತು. 1950ರ ಜನವರಿ 26ರಿಂದ ಮೈಸೂರು ಸಂವಿಧಾನದ ‘ಬಿ’ ವರ್ಗದ ರಾಜ್ಯ, ಜಯಚಾಮರಾಜ ಒಡೆಯರ್ ಅದರ ರಾಜಪ್ರಮುಖರು, ಅಂದರೆ ರಾಜ್ಯಪಾಲರ ಸ್ಥಾನದಲ್ಲಿದ್ದವರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯ ನಂತರ ಮಾರ್ಚ್ 30ರಂದು ಬಂದವರು ಹನುಮಂತಯ್ಯ. ಅಂದರೆ ‘ಮೈಸೂರಿನ ಮೊದಲ ಮುಖ್ಯಮಂತ್ರಿ’ ಎಂದರೆ ಕೆ.ಸಿ. ರೆಡ್ಡಿ. ‘ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ’ ಎಂದರೆ 1956ರ ನವೆಂಬರ್ 1ರಂದು ಅಧಿಕಾರ ವಹಿಸಿದ ನಿಜಲಿಂಗಪ್ಪ. ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಆಗ ಮುಖ್ಯಮಂತ್ರಿ ಅರಸು. ಎಲ್ಲವನ್ನೂ ‘ಕರ್ನಾಟಕದ ಮುಖ್ಯಮಂತ್ರಿಗಳು’ ಎಂಬ ಒಂದೇ ತಲೆಬರಹದ ಕೆಳಗೆ ತರುವುದು ಅನುಕೂಲಕ್ಕಾಗಿ ಮಾತ್ರ.

ಇಲ್ಲೊಂದು ಜಾಣತನದ ಪ್ರಶ್ನೆ ಹುಟ್ಟುತ್ತದೆ: ‘ಕರ್ನಾಟಕ’ ಎಂಬ ಹೆಸರಿನ ಕೆಳಗೆ ಎಷ್ಟು ಜನ ಆಳಿದ್ದಾರೆ? 23ರಲ್ಲಿ ಅರಸು ಎಂಟನೆಯವರು, ಆದ್ದರಿಂದ 16 ಎಂದು ಹೇಳಿಬಿಟ್ಟರೆ ತಪ್ಪು. 1968ರಿಂದ 1971ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ವೀರೇಂದ್ರ ಪಾಟೀಲರು 18 ವರ್ಷಗಳ ನಂತರ 1989ರ ನವೆಂಬರ್ 30ರಂದು ಕರ್ನಾಟಕದ ಮುಖ್ಯಮಂತ್ರಿಯಾಗಿ ಮರಳಿದರು. ಅವರನ್ನೂ ಸೇರಿಸಿದರೆ 17. ಏಕೀಕರಣದಿಂದ ಎಣಿಸಿದರೆ 20, ಅದರಲ್ಲಿ ಇಂಥ ತೊಡಕಿಲ್ಲ, ಏಕೆಂದರೆ ಅದಕ್ಕೆ ಹಿಂದಿನ ಮೂವರಲ್ಲಿ ಯಾರೂ ಮರಳಲಿಲ್ಲ. ಏಕೀಕರಣಕ್ಕಾಗಿ ಗಟ್ಟಿಯಾಗಿ ನಿಂತು, ವಿಧಾನಸೌಧ ಕಟ್ಟಿಸಿದ ಹನುಮಂತಯ್ಯನವರು ಏಕೀಕರಣದ ದಿನ ಮುಖ್ಯಮಂತ್ರಿಯಾಗಿರಲಿಲ್ಲ. ಎರಡೂವರೆ ತಿಂಗಳ ಹಿಂದೆ, ಆಗಸ್ಟ್ 19ರಂದು, ಸ್ವಪಕ್ಷದವರ ವಿರೋಧದಿಂದ ಅವರು ಕೆಳಗಿಳಿದಿದ್ದರು. ನಡುವಿನ 73 ದಿನ ಕಡಿದಾಳ್ ಮಂಜಪ್ಪನವರದು.

ದಿವಾನರನ್ನು ಸೇರಿಸಬೇಕೇ? ಬೇಡ. ಪ್ರತ್ಯೇಕ ಪಟ್ಟಿ ಮಾಡಿ. ಪೂರ್ಣಯ್ಯನವರಿಂದ (1799–1811) ಹಿಡಿದು ದಿವಾನರೆಲ್ಲ ಆಡಳಿತದ ಮುಖ್ಯಸ್ಥರೇ ಹೌದು, ಆದರೆ ಅವರನ್ನು ನೇಮಿಸಿದವರೂ ತೆಗೆದವರೂ ಅರಸರು. ಶಾಸನಸಭೆಯ ಬಹುಮತಕ್ಕೂ ಅವರ ಹುದ್ದೆಗೂ ಸಂಬಂಧವಿರಲಿಲ್ಲ. 1831ರಲ್ಲಿ ಬ್ರಿಟಿಷರು ಆಡಳಿತ ವಹಿಸಿಕೊಂಡ ಮೇಲೆ ಐವತ್ತು ವರ್ಷ ಅಧಿಕಾರ ಕಮಿಷನರುಗಳ ಕೈಯಲ್ಲಿತ್ತು. ಕಬ್ಬನ್ (1834–61), ಬೌರಿಂಗ್ (1862–70) ಈ ಸಾಲಿನವರು. 1881ರಲ್ಲಿ ಸಂಸ್ಥಾನ ಒಡೆಯರಿಗೆ ಮರಳಿದಾಗ ರಂಗಾಚಾರ್ಲು ದಿವಾನರಾದರು, ಪ್ರಜಾಪ್ರತಿನಿಧಿ ಸಭೆ ಶುರುವಾದದ್ದೂ ಆ ವರ್ಷವೇ. ಅವರ ನಂತರ ಶೇಷಾದ್ರಿ ಅಯ್ಯರ್ (1883–1901), ಪಿ.ಎನ್. ಕೃಷ್ಣಮೂರ್ತಿ, ವಿ.ಪಿ. ಮಾಧವರಾವ್, ಟಿ. ಆನಂದರಾವ್, ವಿಶ್ವೇಶ್ವರಯ್ಯ (1912–18), ಕಾಂತರಾಜ ಅರಸು, ಆಲ್ಬಿಯನ್ ಬ್ಯಾನರ್ಜಿ, ಮಿರ್ಜಾ ಇಸ್ಮಾಯಿಲ್ (1926–41), ಎನ್. ಮಾಧವರಾವ್, ಕೊನೆಗೆ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ (1946–49).

ಕೊನೆಯ ಹೆಸರಿನ ಮುಂದಿನ ವರ್ಷವನ್ನು ಗಮನಿಸಿ. ರೆಡ್ಡಿಯವರು 1947ರಲ್ಲಿ ಮುಖ್ಯಮಂತ್ರಿಯಾದ ಮೇಲೂ ಮೊದಲಿಯಾರರು ಸುಮಾರು ಎರಡು ವರ್ಷ ದಿವಾನರಾಗಿಯೇ ಇದ್ದರು. ದಿವಾನರನ್ನೂ ಮುಖ್ಯಮಂತ್ರಿಗಳನ್ನೂ ಒಂದೇ ಸರಪಳಿಯಲ್ಲಿ ಪೋಣಿಸಿದರೆ ಈ ಎರಡು ವರ್ಷ ಒಂದರ ಮೇಲೊಂದು ಬೀಳುತ್ತವೆ. ಸರಪಳಿ ಒಂದಲ್ಲ ಎನ್ನುವುದಕ್ಕೆ ಇದೇ ಸಾಕು.

ಇನ್ನೂ ಒಂದು ವಿಷಯ, ಗೈಡುಗಳು ಸಾಮಾನ್ಯವಾಗಿ ನುಂಗಿಬಿಡುವಂಥದ್ದು. ಚೆಂಗಲರಾಯ ರೆಡ್ಡಿ, ಹನುಮಂತಯ್ಯ, ಮಂಜಪ್ಪ ಈ ಮೂವರೂ ಇಂದಿನ ಕರ್ನಾಟಕದ ದಕ್ಷಿಣ ಭಾಗಕ್ಕೆ ಮಾತ್ರ ಮುಖ್ಯಮಂತ್ರಿಗಳು. ಅದೇ ಹೊತ್ತಿನಲ್ಲಿ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದವರ ಸರ್ಕಾರ ಮುಂಬಯಿಯಲ್ಲಿತ್ತು: 1946ರಿಂದ 1952ರವರೆಗೆ ಬಿ.ಜಿ. ಖೇರ್, ಆಮೇಲೆ 1956ರವರೆಗೆ ಮೊರಾರ್ಜಿ ದೇಸಾಯಿ. ಬೀದರ್, ಗುಲಬರ್ಗಾ, ರಾಯಚೂರಿನವರಿಗೆ ಹೈದರಾಬಾದಿನಲ್ಲಿ ಮೊದಲು ಅಧಿಕಾರಿಯಾಗಿದ್ದ ಎಂ.ಕೆ. ವೆಲ್ಲೋಡಿ, 1952ರಿಂದ ಬೂರ್ಗುಲ ರಾಮಕೃಷ್ಣರಾವ್. ಮಂಗಳೂರು, ಉಡುಪಿ, ಕೊಳ್ಳೇಗಾಲದವರಿಗೆ ಮದರಾಸು: 1946ರಿಂದ ಟಿ. ಪ್ರಕಾಶಂ, ಓಮಂದೂರು ರಾಮಸ್ವಾಮಿ ರೆಡ್ಡಿಯಾರ್, ಕುಮಾರಸ್ವಾಮಿ ರಾಜಾ, 1952ರಿಂದ ರಾಜಾಜಿ, 1954ರಿಂದ ಕಾಮರಾಜ್. ಬಳ್ಳಾರಿಯೂ ಮದರಾಸಿನಲ್ಲೇ ಇತ್ತು. ಆಂಧ್ರ ರಾಜ್ಯ ಹುಟ್ಟಿದ 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ಆಚೆಗೆ ಹೋಗಿ ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ಹಾಗಾಗಿ ಹನುಮಂತಯ್ಯನವರು ಬಳ್ಳಾರಿಗೆ ಮುಖ್ಯಮಂತ್ರಿಯಾದದ್ದು ತಮ್ಮ ಅವಧಿಯ ನಡುವೆ. ಕೊಡಗಿನದು ಬೇರೆಯೇ ಕಥೆ. ಅದು ‘ಸಿ’ ವರ್ಗದ ರಾಜ್ಯ, ಅದಕ್ಕೇ ಆದ 24 ಸದಸ್ಯರ ವಿಧಾನಸಭೆ, 1952ರಿಂದ 1956ರವರೆಗೆ ಅದರ ಒಬ್ಬರೇ ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ.

ನಿಮ್ಮದು ಕಲಬುರಗಿ ಅಥವಾ ಪುತ್ತೂರು ಕಡೆಯ ಊರಾದರೆ ‘1955ರಲ್ಲಿ ನಮ್ಮೂರಿನ ಮುಖ್ಯಮಂತ್ರಿ ಯಾರು’ ಎಂಬುದಕ್ಕೆ ಹನುಮಂತಯ್ಯ ಎಂಬುದು ಸರಿಯುತ್ತರವಲ್ಲ. ಈ ಮಾಹಿತಿಯನ್ನು ಪಟ್ಟಿಯ ಪಕ್ಕದಲ್ಲಿ ಐದು ಕಂಬಗಳ ಒಂದು ಪುಟ್ಟ ಕೋಷ್ಟಕವಾಗಿ ಇಟ್ಟುಕೊಳ್ಳಿ. 1937ರಿಂದ 1939ರ ಕಾಲದ ಪುಸ್ತಕಗಳಲ್ಲಿ ಖೇರ್ ಅವರನ್ನೂ ರಾಜಾಜಿಯವರನ್ನೂ ‘ಪ್ರಧಾನ ಮಂತ್ರಿ’ ಎಂದು ಬರೆದಿದ್ದರೆ ಗಾಬರಿಯಾಗಬೇಡಿ. ಬ್ರಿಟಿಷ್ ಪ್ರಾಂತಗಳಲ್ಲಿ ಆಗ ಆ ಹುದ್ದೆಗೆ ಅದೇ ಹೆಸರು. ಇದಕ್ಕೆ ಒಂದು ಬಾಲ: ಬಿ.ಡಿ. ಜತ್ತಿಯವರು 1958ರಲ್ಲಿ ಮೈಸೂರಿನ ಮುಖ್ಯಮಂತ್ರಿಯಾಗುವುದಕ್ಕೆ ಹತ್ತು ವರ್ಷ ಮೊದಲೇ ಜಮಖಂಡಿ ಸಂಸ್ಥಾನದ ಮುಖ್ಯಮಂತ್ರಿಯಾಗಿದ್ದವರು. ಸಂಸ್ಥಾನ ಮುಂಬಯಿಗೆ ಸೇರಿದ ಮೇಲೆ ಆ ಹುದ್ದೆಯೇ ಇಲ್ಲವಾಯಿತು.

ಈಗ ನಿಮ್ಮನ್ನು ಹೆಚ್ಚು ಕಾಡಿರುವ ದಿನಾಂಕಗಳಿಗೆ ಬರೋಣ. ಖಾಲಿ ದಿನಗಳು ನಿಜವಾಗಿ ಖಾಲಿಯಲ್ಲ. ಮುಖ್ಯಮಂತ್ರಿ ರಾಜಭವನಕ್ಕೆ ಹೋಗಿ ರಾಜೀನಾಮೆ ಕೊಟ್ಟ ಕೂಡಲೇ ರಾಜ್ಯಪಾಲರು ‘ಬದಲಿ ವ್ಯವಸ್ಥೆ ಆಗುವವರೆಗೆ ಮುಂದುವರಿಯಿರಿ’ ಎನ್ನುತ್ತಾರೆ. ಮುಂದಿನವರ ಪ್ರಮಾಣವಚನದವರೆಗೆ ಅವರೇ ಹಂಗಾಮಿ. ಒಂದು ಪಟ್ಟಿ ರಾಜೀನಾಮೆಯ ದಿನವನ್ನು ಕೊನೆ ಎಂದು ಹಿಡಿಯುತ್ತದೆ, ಇನ್ನೊಂದು ಹಸ್ತಾಂತರದ ದಿನವನ್ನು. ಕೆಲವು ಪಟ್ಟಿಗಳಂತೂ ಒಬ್ಬರಿಗೆ ಇದು, ಇನ್ನೊಬ್ಬರಿಗೆ ಅದು. ಜೆ.ಎಚ್. ಪಟೇಲ್ ಅವರ ಕೊನೆ 1999ರ ಅಕ್ಟೋಬರ್ 7, ಕೃಷ್ಣ ಅವರ ಆರಂಭ ಅಕ್ಟೋಬರ್ 11. ಧರ್ಮಸಿಂಗ್ ಅವರದು 2006ರ ಜನವರಿ 28, ಕುಮಾರಸ್ವಾಮಿ ಬಂದದ್ದು ಫೆಬ್ರವರಿ 3. ಯಡಿಯೂರಪ್ಪ 2011ರ ಜುಲೈ 31ರಂದು ಬಿಟ್ಟರು, ಸದಾನಂದಗೌಡರು ಬಂದದ್ದು ಆಗಸ್ಟ್ 4ಕ್ಕೆ. 2021ರಲ್ಲಿ ರಾಜೀನಾಮೆ ಜುಲೈ 26, ಬಸವರಾಜ ಬೊಮ್ಮಾಯಿ ಪ್ರಮಾಣವಚನ ಜುಲೈ 28. ಬೊಮ್ಮಾಯಿಯವರು 2023ರಲ್ಲಿ ಫಲಿತಾಂಶದ ದಿನ, ಮೇ 13ಕ್ಕೇ ರಾಜೀನಾಮೆ ಕೊಟ್ಟಿದ್ದರು. ಸಿದ್ದರಾಮಯ್ಯ ಬಂದದ್ದು ಮೇ 20ಕ್ಕೆ.

ಆದ್ದರಿಂದ ಒಂದೇ ‘ಇಂದ–ವರೆಗೆ’ ಕಂಬ ಸಾಲದು. ಮೂರು ಇರಲಿ: ಪ್ರಮಾಣವಚನದ ದಿನ, ರಾಜೀನಾಮೆ ಅಥವಾ ವಜಾ ಆದ ದಿನ, ಅಧಿಕಾರ ಕೈಬಿಟ್ಟ ದಿನ. ಮೂರನೆಯದು ಯಾವಾಗಲೂ ಮುಂದಿನವರ ಪ್ರಮಾಣವಚನದ ದಿನವೋ ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯ ದಿನವೋ ಆಗಿರಬೇಕು. ಹೀಗೆ ಮಾಡಿದರೆ ಪಟ್ಟಿಯಲ್ಲಿ ಒಂದು ದಿನವೂ ಅನಾಥವಾಗಿ ಉಳಿಯುವುದಿಲ್ಲ. ತಾಳೆ ನೋಡುವುದಕ್ಕೆ ಒಂದು ಸಂಖ್ಯೆ ಕೊಡುತ್ತೇನೆ. 1947ರ ಅಕ್ಟೋಬರ್ 25ರಿಂದ 2023ರ ಮೇ 20ಕ್ಕೆ 27,601 ದಿನ. ಎಕ್ಸೆಲ್‌ನಲ್ಲಿ ಪ್ರತಿ ಸಾಲಿಗೂ ಮೂರನೇ ಕಂಬದಿಂದ ಮೊದಲನೆಯದನ್ನು ಕಳೆದು, ರಾಷ್ಟ್ರಪತಿ ಆಳ್ವಿಕೆಯ ಆರು ಸಾಲುಗಳನ್ನೂ ಸೇರಿಸಿ ಕೂಡಿಸಿ. ಸಿದ್ದರಾಮಯ್ಯನವರ ಎರಡನೇ ಅವಧಿಯನ್ನು ಬಿಟ್ಟು ಉಳಿದೆಲ್ಲದರ ಮೊತ್ತ ಇಷ್ಟೇ ಬರಬೇಕು. ಕಡಿಮೆ ಬಂದರೆ ಎಲ್ಲೋ ಹಂಗಾಮಿ ದಿನಗಳನ್ನು ಬಿಟ್ಟಿದ್ದೀರಿ. ಸಾಲುಗಳ ಸಂಖ್ಯೆಯಷ್ಟೇ ಹೆಚ್ಚು ಬಂದರೆ ಶುರುವಿನ ದಿನ, ಕೊನೆಯ ದಿನ ಎರಡನ್ನೂ ಎಣಿಸಿ ಪ್ರತಿ ಸಾಲಿಗೂ ಒಂದೊಂದು ದಿನ ಹೆಚ್ಚಿಸಿಕೊಂಡಿದ್ದೀರಿ. ನಾನು ನೋಡಿದ ಪಟ್ಟಿಗಳಲ್ಲಿ ಇದೇ ಅತಿ ಸಾಮಾನ್ಯ ತಪ್ಪು.

ದಾಖಲೆಗಳ ಪ್ರಶ್ನೆಗಳು ಕೆಡುವುದೂ ಇಲ್ಲೇ. ದೀರ್ಘಕಾಲ ಆಳಿದವರು ಎಂದಾಗ ಅರಸು ಅವರದು 7 ವರ್ಷ 239 ದಿನ ಎಂಬ ಸಂಖ್ಯೆ ನೋಡಿರುತ್ತೀರಿ. 1972ರ ಮಾರ್ಚ್ 20ರಿಂದ 1977ರ ಡಿಸೆಂಬರ್ 31ರವರೆಗೆ 5 ವರ್ಷ 286 ದಿನ, 1978ರ ಫೆಬ್ರವರಿ 28ರಿಂದ 1980ರ ಜನವರಿ 12ರವರೆಗೆ 1 ವರ್ಷ 318 ದಿನ, ಎರಡನ್ನೂ ಕೂಡಿಸಿದರೆ ಅಷ್ಟು. ಆದರೆ ಎರಡನೇ ಅವಧಿಯ ಕೊನೆಯನ್ನು ಜನವರಿ 7 ಎಂದು ಬರೆಯುವವರೂ ಇದ್ದಾರೆ, ಆಗ ಐದು ದಿನ ಕಡಿಮೆ. ಗುಂಡೂರಾವ್ ಪ್ರಮಾಣವಚನ ಸ್ವೀಕರಿಸಿದ್ದು 12ರಂದು. ಸಿದ್ದರಾಮಯ್ಯನವರ ಮೊದಲ ಅವಧಿ, ಹಸ್ತಾಂತರದವರೆಗೆ ಎಣಿಸಿದರೆ, 2013ರ ಮೇ 13ರಿಂದ 2018ರ ಮೇ 17: 5 ವರ್ಷ 4 ದಿನ. ಅಂದರೆ ಎರಡನೇ ಅವಧಿಯಲ್ಲಿ 2 ವರ್ಷ 235 ದಿನ ತುಂಬಿದಾಗ ಇಬ್ಬರೂ ಸಮ, ಮರುದಿನ ದಾಖಲೆ ಕೈಬದಲು. ಯಾವ ದಿನ ಎಂಬುದರಲ್ಲಿ ಎರಡು ಪತ್ರಿಕೆಗಳು ನಾಲ್ಕೈದು ದಿನ ಬೇರೆಯಾಗಿ ಬರೆದರೆ ಅದಕ್ಕೆ ಕಾರಣ ಮೇಲಿನದೇ. ನಿಜಲಿಂಗಪ್ಪನವರ ಎರಡು ಅವಧಿಗಳು ಸೇರಿ ಏಳೂವರೆ ವರ್ಷದ ಹತ್ತಿರ ಬರುತ್ತವೆ, ಅವರನ್ನು ಮರೆಯಬೇಡಿ.

ಅತಿ ಕಡಿಮೆ ಅವಧಿ ಯಡಿಯೂರಪ್ಪನವರದು, 2018ರಲ್ಲಿ. ಮೇ 17ರ ಬೆಳಗ್ಗೆ ಪ್ರಮಾಣವಚನ, ಬಹುಮತ ಸಾಬೀತುಪಡಿಸಲು ಸುಪ್ರೀಂ ಕೋರ್ಟ್ ಗೊತ್ತು ಮಾಡಿದ್ದ ಮೇ 19ರಂದು ಮತಕ್ಕೆ ಹಾಕುವ ಮೊದಲೇ ರಾಜೀನಾಮೆ. ರಾಜೀನಾಮೆಯವರೆಗೆ ಎಣಿಸಿದರೆ ಎರಡು ದಿನ, ಎರಡೂ ತುದಿ ಸೇರಿಸಿದರೆ ಮೂರು, ಕುಮಾರಸ್ವಾಮಿ ಬಂದ ಮೇ 23ರವರೆಗೆ ಹಿಡಿದರೆ ಆರು. ಮೂರೂ ಮುದ್ರಣದಲ್ಲಿವೆ. ಯಾವ ಲೆಕ್ಕದಲ್ಲೂ 2007ರ ನವೆಂಬರಿನ ಅವರದೇ ಏಳು ದಿನಕ್ಕಿಂತ ಇದು ಕಡಿಮೆಯೇ, ಆದ್ದರಿಂದ ಉತ್ತರ ಬದಲಾಗದು. 2007ಕ್ಕೆ ಮೊದಲು ಅಚ್ಚಾದ ಪುಸ್ತಕಗಳಲ್ಲಿ ಈ ಜಾಗದಲ್ಲಿ ಮಂಜಪ್ಪನವರ 73 ದಿನ ಇರುತ್ತದೆ. ಕಂಠಿಯವರದು ಮೂರು ತಿಂಗಳಿಗಿಂತ ತುಸು ಹೆಚ್ಚು, 1962ರ ಮಾರ್ಚ್ 14ರಿಂದ ಜೂನ್ 20. ಆ ಚುನಾವಣೆಯಲ್ಲಿ ನಿಜಲಿಂಗಪ್ಪ ಹೊಸದುರ್ಗದಲ್ಲಿ ಸೋತರು. ಬಾಗಲಕೋಟೆಯಿಂದ ಆರಿಸಿ ಬರುವವರೆಗೆ ಕುರ್ಚಿ ಕಾದವರು ಕಂಠಿ. ಕಾದದ್ದನ್ನು ಕೇಳಿದ ತಕ್ಷಣ ಬಿಟ್ಟುಕೊಟ್ಟರು, ಅದಕ್ಕೇ ಅವರ ಹೆಸರು ಇಂದಿಗೂ ನೆನಪಿನಲ್ಲಿದೆ. ಸಂವಿಧಾನದ 164(4)ನೇ ವಿಧಿಯಂತೆ ಶಾಸಕರಲ್ಲದವರೂ ಆರು ತಿಂಗಳು ಮಂತ್ರಿಯಾಗಿರಬಹುದು. ನಿಜಲಿಂಗಪ್ಪ ಆ ದಾರಿ ಹಿಡಿಯಲಿಲ್ಲ. 1983ರಲ್ಲಿ ಹೆಗಡೆ ಮುಖ್ಯಮಂತ್ರಿಯಾದ ನಂತರ ಕನಕಪುರದ ಉಪಚುನಾವಣೆ ಗೆದ್ದರು. 2011ರಲ್ಲಿ ಸಂಸದರಾಗಿದ್ದ ಸದಾನಂದಗೌಡರು ಮೊದಲು ಮುಖ್ಯಮಂತ್ರಿಯಾಗಿ ಆಮೇಲೆ ವಿಧಾನ ಪರಿಷತ್ತಿಗೆ ಬಂದರು.

ರಾಷ್ಟ್ರಪತಿ ಆಳ್ವಿಕೆ ಆರು ಸಲ: 1971–72, 1977–78, 1989, 1990, 2007ರ ಅಕ್ಟೋಬರ್–ನವೆಂಬರ್, 2007ರ ನವೆಂಬರ್–2008ರ ಮೇ. ಕೊನೆಯ ಎರಡನ್ನು ಒಂದೆಂದು ಎಣಿಸಿ ಐದು ಎನ್ನುವವರಿದ್ದಾರೆ. ನಡುವೆ ಯಡಿಯೂರಪ್ಪನವರ ಏಳು ದಿನ ಇರುವುದರಿಂದ ಅದು ತಪ್ಪು. ಮೊದಲನೆಯದರ ಆರಂಭವನ್ನು ಕೆಲವು ಪಟ್ಟಿಗಳು 1971ರ ಮಾರ್ಚ್ 19 ಎನ್ನುತ್ತವೆ, ಕೆಲವು ಮಾರ್ಚ್ 27. ಒಂದು ಕಡೆಯವರು ವೀರೇಂದ್ರ ಪಾಟೀಲರ ಸರ್ಕಾರ ಹೋದ ಬೆನ್ನಿಗೇ ಎಣಿಸಿದ್ದಾರೆ, ಇನ್ನೊಂದು ಕಡೆಯವರು ಘೋಷಣೆಯಿಂದ. ಮೇಲೆ ಹೇಳಿದ ಮೂರನೇ ಕಂಬದ ನಿಯಮ ಇಟ್ಟುಕೊಂಡರೆ ಯಾವುದನ್ನು ಆರಿಸಿದರೂ ಮೊತ್ತ ಕೆಡುವುದಿಲ್ಲ. ಅತಿ ಚಿಕ್ಕದು 1990ರದು, ಅಕ್ಟೋಬರ್ 10ರಿಂದ 17. ಕಾಂಗ್ರೆಸ್ಸಿನೊಳಗೆ ನಾಯಕತ್ವ ಬದಲಾವಣೆಯ ಜಗ್ಗಾಟ ನಡೆದು ವೀರೇಂದ್ರ ಪಾಟೀಲರ ಜಾಗಕ್ಕೆ ಬಂಗಾರಪ್ಪ ಬರುವವರೆಗಿನ ಒಂದು ವಾರ.

1989ರದು ಪರೀಕ್ಷೆಗೂ ಇತಿಹಾಸಕ್ಕೂ ಎಲ್ಲಕ್ಕಿಂತ ಮುಖ್ಯ. ಎಸ್.ಆರ್. ಬೊಮ್ಮಾಯಿಯವರಿಗೆ ಬಹುಮತವಿಲ್ಲವೆಂದು, 19 ಶಾಸಕರ ಪತ್ರಗಳ ಆಧಾರದ ಮೇಲೆ, ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ವರದಿ ಕಳಿಸಿದರು. ಸದನದಲ್ಲಿ ಬಲ ತೋರಿಸುತ್ತೇನೆ ಎಂದ ಮುಖ್ಯಮಂತ್ರಿಗೆ ಅವಕಾಶವೇ ಸಿಗದೆ ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದಿತು. ಬೊಮ್ಮಾಯಿಯವರ ಕುರ್ಚಿ ಅದರಿಂದ ಮರಳಲಿಲ್ಲ. ಆದರೆ 2018ರ ಮೇ 19 ಮತ್ತು 99–105 ಮತಗಳಿಂದ ಕುಮಾರಸ್ವಾಮಿ ಸರ್ಕಾರ ಬಿದ್ದ 2019ರ ಜುಲೈ 23, ಈ ಎರಡು ದಿನಾಂಕಗಳೂ ಆ ತೀರ್ಪಿನ ನೆರಳಿನಲ್ಲೇ ಇವೆ.

ಪಟ್ಟಿಗೆ ಇನ್ನೂ ಒಂದು ಕಂಬ ಸೇರಿಸುವುದಾದರೆ ವಿಧಾನಸಭೆಯ ಕ್ರಮಸಂಖ್ಯೆ ಬರೆಯಿರಿ. ಪಕ್ಷದ ಕಂಬಕ್ಕಿಂತ ಇದು ಹೆಚ್ಚು ಹೇಳುತ್ತದೆ. 1952ರದು 1ನೆಯದು, 1972ರದು 5, 1989ರದು 9, 2004ರದು 12, 2018ರದು 15, 2023ರದು 16. 1, 9, 12, 13 ಮತ್ತು 15ನೇ ವಿಧಾನಸಭೆಗಳು ತಲಾ ಮೂವರು ಮುಖ್ಯಮಂತ್ರಿಗಳನ್ನು ಕಂಡಿವೆ, 15ನೆಯದರಲ್ಲಂತೂ ಮೂವರು ಸೇರಿ ನಾಲ್ಕು ಸರದಿ. ಮೊದಲ ಹದಿನೈದರಲ್ಲಿ ಒಬ್ಬರೇ ಮುಖ್ಯಮಂತ್ರಿಯನ್ನು ಕಂಡವು ನಾಲ್ಕೇ: ಅರಸು ಅವರ 5ನೆಯದು, ಹೆಗಡೆಯವರ ಎರಡು ವರ್ಷದ 7ನೆಯದು, ಅವಧಿಗೆ ಮುನ್ನ ಚುನಾವಣೆಗೆ ಹೋದ ಕೃಷ್ಣ ಅವರ 11ನೆಯದು, ಸಿದ್ದರಾಮಯ್ಯನವರ 14ನೆಯದು. ಇದನ್ನು ನೋಡಿದರೆ ‘ಐದು ವರ್ಷ ಪೂರೈಸಿದವರು ಯಾರು’ ಎಂಬ ಪ್ರಶ್ನೆಯೂ ಬಿಡಿಸಿಕೊಳ್ಳುತ್ತದೆ. ಸತತವಾಗಿ ಐದು ವರ್ಷ ಕುರ್ಚಿಯಲ್ಲಿದ್ದವರು ಎಂದರೆ ನಿಜಲಿಂಗಪ್ಪ, ಅರಸು, ಸಿದ್ದರಾಮಯ್ಯ, ಹಂಗಾಮಿ ದಿನಗಳನ್ನೂ ಹಿಡಿದರೆ 1983–88ರ ಹೆಗಡೆಯವರೂ. ಒಂದೇ ವಿಧಾನಸಭೆಯ ಅವಧಿಯೊಳಗೆ ಎಂದರೆ ನಿಜಲಿಂಗಪ್ಪನವರನ್ನೂ ಹೆಗಡೆಯವರನ್ನೂ ಬಿಡಬೇಕು, ಏಕೆಂದರೆ ನಿಜಲಿಂಗಪ್ಪನವರ 1962–68ರ ಅವಧಿ 3 ಮತ್ತು 4ನೇ ವಿಧಾನಸಭೆಗಳ ಮೇಲೆ, ಹೆಗಡೆಯವರದು 7 ಮತ್ತು 8ನೆಯವುಗಳ ಮೇಲೆ ಹಾಯುತ್ತದೆ.

ಹೆಸರುಗಳಲ್ಲಿ ಜಾರುವ ಜಾಗಗಳು: ವೀರೇಂದ್ರ ಪಾಟೀಲ, ಜೆ.ಎಚ್. ಪಟೇಲ್ ಬೇರೆ ಬೇರೆ. ಅರಸು ಎಂದರೆ ದಿವಾನರ ಪಟ್ಟಿಯಲ್ಲಿ ಕಾಂತರಾಜ ಅರಸು, ಇಲ್ಲಿ ದೇವರಾಜ ಅರಸು. ಬೊಮ್ಮಾಯಿ ಇಬ್ಬರು, ತಂದೆ ಮತ್ತು ಮಗ. ದೇವೇಗೌಡ ಮತ್ತು ಕುಮಾರಸ್ವಾಮಿ ಇನ್ನೊಂದು ತಂದೆ–ಮಗನ ಜೋಡಿ. ಇಂಗ್ಲಿಷ್ ಕಡತಗಳಲ್ಲಿ ಹುಡುಕುವಾಗ ಯಡಿಯೂರಪ್ಪನವರ ಹೆಸರನ್ನು ಎರಡು ಕಾಗುಣಿತದಲ್ಲೂ ಹಾಕಿ ನೋಡಿ. 2007ರಲ್ಲಿ ಅದನ್ನು ಬದಲಿಸಿಕೊಂಡು 2019ರಲ್ಲಿ ಹಳೆಯದಕ್ಕೇ ಮರಳಿದರು. ಒಂದೇ ಕಾಗುಣಿತ ಹಾಕಿದರೆ ಅವರ ನಾಲ್ಕು ಅವಧಿಗಳಲ್ಲಿ ಕೆಲವು ಸಿಗದೇ ಹೋಗಬಹುದು. ಕನ್ನಡದಲ್ಲಿ ಈ ತಾಪತ್ರಯವಿಲ್ಲ.